ಎಂಟು ಗಂಟೆಯ ಮಾತ್ರೆ

ಆರು ವರ್ಷದ ಹಿಂದೆ ಅಂಬುಜ ತನ್ನದೊಂದು ಕಿಡ್ನಿಯನ್ನು ಗಂಡನಿಗೆ ಕೊಟ್ಟಿದ್ದಳು. ಮೈ ಅದನ್ನು ಹೊರಗಿನದೆಂದು ತಿರಸ್ಕರಿಸದ ಹಾಗೆ ಅವನು ದಿನವೂ ಬೆಳಗ್ಗೆ ಎಂಟಕ್ಕೆ ಒಂದು ಮಾತ್ರೆ ನುಂಗಬೇಕಿತ್ತು. ರೋಗದ ವಿರುದ್ಧ ಹೋರಾಡುವ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ಅದು. ಹಾಗಾಗಿ ಇಬ್ಬರಿಗೂ ಒಂದೇ ವಾರ ವೈರಸ್ ಜ್ವರ ಬಂದು ಒಂದೇ ಆಸ್ಪತ್ರೆ ಸೇರಿದಾಗ, ನೆಂಟರೆಲ್ಲ ಅವನ ಆಸೆ ಬಿಟ್ಟಿದ್ದರು.

ಹತ್ತನೇ ದಿನ ಅವನು ದಿಂಬಿಗೆ ಒರಗಿ ಇಡ್ಲಿ ತಿನ್ನುತ್ತಿದ್ದ. ಅಂಬುಜಳನ್ನು ಕೆಳಗಿನ ಮಹಡಿಯ ಐಸಿಯುಗೆ ಹಾಕಿದ್ದರು.

"ನೆಗಡೀನೂ ಕಂಡೋಳಲ್ಲ ಅವಳು. ಅವಳಿಗ್ಯಾಕೆ ಡಾಕ್ಟ್ರೇ ಇಷ್ಟು ಜೋರಾಯ್ತು?"

"ವೈರಸ್ ಆವಾಗ್ಲೇ ಹೋಗಿತ್ತು. ಅವರ ಮೈ ಮಾತ್ರ ಜಗಳ ನಿಲ್ಲಿಸ್ಲಿಲ್ಲ, ತನ್ನ ಶ್ವಾಸಕೋಶದ ಮೇಲೇ ತಿರುಗಿಬಿತ್ತು. ನಿಮ್ಮಲ್ಲಿ ಅದನ್ನ ತಡೆದಿದ್ದು ಆ ಮಾತ್ರೆ ಇರಬಹುದು."

ಡಾಕ್ಟರು ಬಾಗಿಲ ಕಡೆ ನೋಡಿ, ಪಕ್ಕದ ಹಾಸಿಗೆಗೆ ಹೋದರು. ಬಾಗಿಲಲ್ಲಿದ್ದ ಅಂಬುಜಳ ತಮ್ಮ ಒಳಗೆ ಬಂದು ಸ್ಟೂಲಿನ ಮೇಲೆ ಕೂತ.

"ಎರಡು ದಿನದಿಂದ ಎಲ್ಲೋ ಹೋಗಿದ್ದೆ?"

"ಕೆಲಸ ಇತ್ತು, ಭಾವ."

ಎಂಟಾಯಿತು. ನರ್ಸ್ ಮಾತ್ರೆ ಕೊಟ್ಟು ಹೋದಳು. ಅವನು ಅದನ್ನು ನುಂಗಲಿಲ್ಲ. ಕಾಗದದ ಚೂರಿನಲ್ಲಿ ಸುತ್ತಿ ಭಾಮೈದನ ಅಂಗೈಯಲ್ಲಿಟ್ಟ.

"ಇದನ್ನ ನಿಮ್ಮಕ್ಕಂಗೆ ಕೊಟ್ಟು ಬಾ. ಒಂದಿನ ತಗೊಳ್ದಿದ್ರೆ ನಂಗೇನೂ ಆಗಲ್ಲ. ಹೋಗೋ, ಬೇಗ."

ಭಾಮೈದ ಪೊಟ್ಟಣ ಬಿಚ್ಚಿ, ಮಾತ್ರೆಯನ್ನು ಭಾವನ ಕೈಗೇ ವಾಪಸು ಕೊಟ್ಟ.

"ನೀವೇ ನುಂಗಿ, ಭಾವ," ಎಂದು ತಲೆಯ ಮೇಲಿನ ಟೋಪಿ ತೆಗೆದ. ತಲೆ ನುಣ್ಣಗೆ ಬೋಳಿಸಿತ್ತು.