ಹಾರೂನನ ಹಸಿರು ಚುಕ್ಕೆ

"ಕರದ್ರ ಓ ಅನ್ನವಲ್ರು ನೋಡ್ರಿ ಮೇಡಂ. ಮನ್ಯಾಗೂ ಹಂಗ," ಎಂದು ಊಟದ ಡಬ್ಬಿ ಹಿಡಿದಿದ್ದ ಬಾನು ನಕ್ಕಳು. ಅವಳ ಗಂಡ ಹಾರೂನ ಗೋವಾದ ಸಾಂಕೋಲೆಯ ಕಾರ್ಖಾನೆಯ ಟ್ಯಾಂಕ್ ತೊಳೆಯಲು ಇಳಿದಿದ್ದ. ಅವನ ಸುರಕ್ಷತೆಗೆಂದು ಸೊಂಟಕ್ಕೆ ಕಟ್ಟಿದ್ದ ಯಂತ್ರ ಸಂಪರ್ಕದಲ್ಲಿದೆ ಎಂದು ಕಂಪ್ಯೂಟರಿನ ಹಸಿರು ಚುಕ್ಕೆ ಹೇಳುತ್ತಿತ್ತು.

ಕಂಪ್ಯೂಟರಿನ ಮುಂದೆ ಕೂತಿದ್ದ ಅಫ್ರೀನ ಮೇಡಂ ಯಂತ್ರದ ಸಂಕೇತಗಳ ದಾಖಲೆ ತೆರೆದಳು. ಆ ಚುಕ್ಕೆಯ ಪ್ರೋಗ್ರಾಂ ಬರೆದವಳು ಅವಳೇ. ಸಂಪರ್ಕ ಮುಗಿಸುತ್ತಿದ್ದೇನೆ ಎಂದು ಯಂತ್ರ ತಾನಾಗಿ ವಿದಾಯ ಹೇಳಿದರೆ ಮಾತ್ರ ಚುಕ್ಕೆ ಕೆಂಪಾಗುತ್ತಿತ್ತು. ನೀರಲ್ಲಿ ಮುಳುಗಿ ಸುಮ್ಮನಾದರೆ ಹಸಿರಾಗಿಯೇ ಕಾಯುತ್ತಿತ್ತು. ನಿಮಿಷಕ್ಕೊಮ್ಮೆ ಬರಬೇಕಿದ್ದ ಸಂಕೇತ 11:05ರ ನಂತರ ಬಂದಿರಲಿಲ್ಲ. ಈಗ ಹನ್ನೆರಡು.

"ಟ್ಯಾಂಕ್ ಕಡೆ ಓಡ್ರೀ!" ಎಂದು ಹೊರಗಿದ್ದ ಕೆಲಸಗಾರರಿಗೆ ಕಿರುಚಿ, ಸಂಪರ್ಕ ನಿಜಕ್ಕೂ ಇದೆಯೇ ಎಂದು ನೋಡಲು ಅವಳು ಯಂತ್ರಕ್ಕೆ ಒಂದೇ ಒಂದು ಅಕ್ಷರ ಕಳಿಸಿದಳು. ಉತ್ತರವಿಲ್ಲ.

ಕಿಟಕಿಯಾಚೆ ಅಂಗಳದಲ್ಲಿ ನಾಲ್ವರು ಹಾರೂನನನ್ನು ಎತ್ತಿ ತಂದು ಮಲಗಿಸಿ, ಮುಖಕ್ಕೆ ಬಟ್ಟೆ ಮುಚ್ಚಿದರು. ಬಾನು ಅತ್ತ ನೋಡಲೇ ಇಲ್ಲ. ಪರದೆಗೆ ಬೆರಳು ಮುಟ್ಟಿಸಿ ಹೇಳಿದಳು:

"ಹಸಿರು ಐತಲ್ರಿ ಮೇಡಂ."