ಪರದೆಯಾಚೆಯ ತಮ್ಮ

ಗೇಟಿನ ಗಂಟೆಯನ್ನು ಅಕ್ಕ ಮೂರು ಸಲ ಎಳೆದಳು. ಒಂದೇ ಸಲ ಎಳೆಯಿರಿ ಎಂಬ ಫಲಕ ಅವಳ ಮೂಗಿನ ನೇರಕ್ಕೇ ಇತ್ತು.

ದೊಡ್ಡದೊಂದು ಕಥೋಲಿಕ ಸನ್ಯಾಸಿ ಸಭೆಗೆ ಸೇರಿದ ಜಾಗವದು. ಸಭೆಯ ಉಳಿದವರು ಶಾಲೆ, ಆಸ್ಪತ್ರೆ ಎಂದು ದುಡಿಯುತ್ತಿದ್ದರೆ, ಇಲ್ಲಿನ ಒಂಬತ್ತು ಮಂದಿ ಏಕಾಂತ ಬೇಕೆಂದು ಗುಡ್ಡ ಹತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಮನೆ. ಮಾತಿಲ್ಲ, ಕತೆಯಿಲ್ಲ. ಊಟ ಗೋಡೆಯ ಕಿಂಡಿಯಿಂದ ಬರುತ್ತದೆ. ಬಿಸಿಬಿಸಿಯಾಗಿಯೇ ಬರುತ್ತದಂತೆ ಎಂದು ಅಕ್ಕ ತಾನು ದುಡಿಯುವ ಲಾಂಡ್ರಿಯ ಗೆಳತಿಯರಿಗೆ ಹೇಳಿ ನಗುತ್ತಿದ್ದಳು.

ಮನೆಯವರ ಭೇಟಿ ವರ್ಷಕ್ಕೊಮ್ಮೆ, ಅರ್ಧ ಗಂಟೆ. ನಡುವೆ ಮರದ ಜಾಲರಿ, ಅದರಾಚೆ ಕಪ್ಪು ಪರದೆ. ಏಕಾಂತವಾಸಿ ಮಾತಾಡುವಂತಿಲ್ಲ, ಹೌದು ಎನ್ನಲು ಮರವನ್ನು ಒಮ್ಮೆ ತಟ್ಟಬಹುದು. ಹನ್ನೊಂದು ವರ್ಷಗಳಿಂದ ಅಕ್ಕ ತಪ್ಪದೆ ಬರುತ್ತಿದ್ದಳು. ಒಳಗಿದ್ದ ತಮ್ಮನನ್ನು ಬೈಯಲೆಂದೇ.

"ಬಂದ್ಯಾ, ಪುಣ್ಯಾತ್ಮ?"

ಒಂದು ತಟ್ಟು.

"ಈ ಪರದೆ ಇಸ್ತ್ರಿ ಕಂಡು ಯಾವ ಕಾಲ ಆಯ್ತೋ! ಒಂಬತ್ತು ಜನ ಗಂಡಸ್ರು ಸೇರಿ ಒಂದು ಬಟ್ಟೆ ಒಗೆಯೋಕಾಗಲ್ಲ, ಲೋಕಾನ ಉದ್ಧಾರ ಮಾಡ್ತಾರಂತೆ."

ಒಳಗೆ ಯಾರೋ ಕೆಮ್ಮಿದರು.

"ನಲವತ್ತಕ್ಕೇ ಮುದುಕನ ಕೆಮ್ಮು. ಕೂತು ಕೂತು ತುಕ್ಕು ಹಿಡಿದಿದ್ದೀಯ."

ಅಮ್ಮನಿಗೆ ಲಕ್ವ ಹೊಡೆದ ವರ್ಷವೇ ತಮ್ಮ ಗುಡ್ಡ ಹತ್ತಿದ್ದ. ದೇವರು ಕರೆದನಂತೆ. ಅಮ್ಮನ ಮಗ್ಗುಲು ಬದಲಿಸಲು ಮಾತ್ರ ಯಾರನ್ನೂ ಯಾರೂ ಕರೆಯಲಿಲ್ಲ. ಎರಡು ಗಂಟೆಗೊಮ್ಮೆ ಬೆನ್ನು ಒರೆಸಿ, ಪೌಡರ್ ಹಾಕಿ, ಹೊರಳಿಸಿ ಮಲಗಿಸಿದವಳು ಅಕ್ಕ. ಮದುವೆಗೆ ಕೇಳಿ ಬಂದವನೊಬ್ಬ ಎರಡು ವರ್ಷ ಕಾದು ಸುಮ್ಮನಾದ.

"ಅಮ್ಮ ಕೇಳಿದಾಗೆಲ್ಲ, ಅವನು ನಿನಗೋಸ್ಕರ ಪ್ರಾರ್ಥನೆ ಮಾಡ್ತಿದಾನೆ ಅಂತ ಹೇಳ್ತಿದ್ದೆ. ಅವಳು ನಂಬಿದ್ಲು. ನಿಜ ಹೇಳು, ಅದನ್ನಾದ್ರೂ ಮಾಡಿದ್ಯಾ?"

ತಟ್ಟು ಗಟ್ಟಿಯಾಗಿ ಕೇಳಿಸಿತು.

"ಅಮ್ಮ ಹೋದ್ಲು ಕಣೋ. ಹೋದ ಮಂಗಳವಾರ." ಅಕ್ಕ ಜಾಲರಿಯ ಹತ್ತಿರ ಸರಿದಳು. "ಇವತ್ತು ಬೈಯೋಕೆ ಬಂದಿಲ್ಲ. ಒಂದೇ ಒಂದು ಸಲ ಬಾಯಿಬಿಟ್ಟು ಅಕ್ಕಾ ಅನ್ನು. ಸಾಕು."

ಪರದೆಯಾಚೆ ಮೂಗು ಎಳೆದುಕೊಂಡ ಸದ್ದು.

"ಥೂ! ನಿನ್ನಂಥವನಿಗೆ ಬಾಯಿಬಿಟ್ಟು ಅಳೋಕೂ ನಿಯಮದ ಅಡ್ಡಿನಾ?"

ಜಾಲರಿಯ ಸಂದಿಯಲ್ಲಿ ಬೆರಳು ತೂರಿಸಿ ಅಕ್ಕ ಪರದೆಯನ್ನು ಜಗ್ಗಿದಳು. ಕೊಂಡಿಗಳು ಕಿತ್ತುಬಂದವು.

ಆಚೆ ಕೂತಿದ್ದವರಿಗೆ ಎಪ್ಪತ್ತು ದಾಟಿತ್ತು. ಬಿಳಿ ಗಡ್ಡ ತೊಯ್ದಿತ್ತು.

"ಯಾರು ನೀವು? ನನ್ನ ತಮ್ಮ ಎಲ್ಲಿ?"

"ನಾನು ಇಲ್ಲಿನ ಹಿರಿಯ ಗುರು. ಅವರು ಮೂರನೇ ತಿಂಗಳಿಗೇ ಬಿಟ್ಟು ಹೋದ್ರು. ನೀವು ಮೊದಲ ಸಲ ಬಂದಾಗ ಹೇಳ್ಬೇಕು ಅಂತಲೇ ಇಲ್ಲಿ ಕೂತೆ. ನೀವು ಬೈಯೋಕೆ ಶುರು ಮಾಡಿದ್ರಿ. ಅವರು ಮನೆಗೆ ಬಂದೇ ಇಲ್ಲ ಅಂತ ಆಗ ಗೊತ್ತಾಯ್ತು. ಹೇಳೋಕೆ ಬಾಯಿ ಬರ್ಲಿಲ್ಲ, ಪ್ರತಿ ವರ್ಷ ನಾನೇ ಬಂದು ಕೂತೆ. ನಿಮ್ಮಮ್ಮನಿಗೋಸ್ಕರ ಪ್ರಾರ್ಥನೆ ಮಾಡಿದ್ದು ಮಾತ್ರ ಸುಳ್ಳಲ್ಲ."

"ಮನೆಗಾ?" ಅಕ್ಕ ಜಾಲರಿ ಹಿಡಿದುಕೊಂಡಳು. "ಮನೆಗೆ ಯಾಕೆ ಬರ್ತಾನೆ ಅವನು? ಏನು ಹೇಳಿ ಹೋದ?"

ಮುದುಕರು ತಲೆ ತಗ್ಗಿಸಿದರು.

"ಅಕ್ಕ ಒಬ್ಬಳೇ ಇದಾಳೆ, ಇನ್ಮೇಲೆ ಅಮ್ಮನ್ನ ನಾನೇ ನೋಡ್ಕೋತೀನಿ ಅಂದ್ರು."