ಚರ್ಚೆಗೆ ಮುಂಚೆ ಒಂದು ಶಾಲು

“ಸಿಟ್ಟು ಬರಬೇಕಾದ್ದು ಅವರಿಗೆ, ನಿನಗಲ್ಲ. ಇದೊಂದು ನೆನಪಿಟ್ಕೋ,” ಎಂದು ಚಂದ್ರಮೌಳಿ ಬಾಡಿಗೆ ಸಭಾಂಗಣದ ಬಾಗಿಲಲ್ಲಿ ನಾದಿನಿಗೆ ನಾಲ್ಕನೇ ಸಲ ಹೇಳಿದರು.

“ಅವರ ಮುಖ ನೋಡಿದ್ರೇ ಬರುತ್ತೆ ಭಾವ, ಏನ್ಮಾಡ್ಲಿ?” ಎಂದಳು ಪಂಕಜಾ.

ಬರದೆ ಏನು ಮಾಡೀತು? ವಿಶಾಖಪಟ್ಟಣದ ಗಾಜುವಾಕದಲ್ಲಿರುವ ತುಂಗಭದ್ರಾ ಕನ್ನಡ ಬಳಗಕ್ಕೆ ಓಂಕಾರಪ್ಪನವರು ಒಂಬತ್ತು ವರ್ಷಗಳಿಂದ ಅಧ್ಯಕ್ಷರು. ಪ್ರತಿ ಸಲವೂ ಅವಿರೋಧ ಆಯ್ಕೆ. ಬಳಗದ ಕಟ್ಟಡದಲ್ಲಿದ್ದ ಒಂದೇ ಒಂದು ಕೋಣೆಯಲ್ಲಿ ಪಂಕಜಾ ಆರು ವರ್ಷಗಳಿಂದ ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಆಗಸ್ಟಿನಲ್ಲಿ ಅಧ್ಯಕ್ಷರು ಅದಕ್ಕೆ ಮಂಚ, ಏಸಿ ಹಾಕಿಸಿ, ಬೆಂಗಳೂರಿನಿಂದ ಬರುವ ಗಣ್ಯರ ವಸತಿಗೆಂದು ಬೀಗ ಜಡಿದರು. ಗಣ್ಯರು ಇವತ್ತಿನವರೆಗೂ ಬಂದಿಲ್ಲ. ಮಕ್ಕಳು ಮಾತ್ರ ಹೊರಗೆ ಮೆಟ್ಟಿಲ ಮೇಲೆ ಕೂತು ಕಾಗುಣಿತ ಬರೆಯುತ್ತಿವೆ. ಹದಿನಾಲ್ಕು ಇದ್ದದ್ದು ಒಂಬತ್ತಕ್ಕೆ ಇಳಿದಿದೆ. ಹೀಗೇ ಬಿಟ್ಟರೆ ದೀಪಾವಳಿಯ ಹೊತ್ತಿಗೆ ತರಗತಿಯೇ ಇರುವುದಿಲ್ಲ. ಅದಕ್ಕೇ ಬ್ಯಾಂಕಿನ ಗುಮಾಸ್ತೆ ಪಂಕಜಾ, ಜೀವಮಾನದಲ್ಲಿ ಮೊದಲ ಸಲ, ಚುನಾವಣೆಗೆ ನಿಂತಿದ್ದಳು.

ಅದು ೨೦೦೪ರ ಅಕ್ಟೋಬರ್. ಚಂದ್ರಮೌಳಿ ವಿಜಯವಾಡದ ಗವರ್ನರ್‌ಪೇಟೆಯ ಬ್ಯಾಂಕೊಂದರಲ್ಲಿ ಮ್ಯಾನೇಜರು; ನಾದಿನಿಯ ಚುನಾವಣೆಗೆಂದೇ ರಜೆ ಹಾಕಿ ಬಂದಿದ್ದರು. ಅಮೆರಿಕದ ಹಾಲಿ ಅಧ್ಯಕ್ಷರೂ ಅವರ ಎದುರಾಳಿಯೂ ಟೀವಿಯಲ್ಲಿ ನಡೆಸಿದ ಮೂರೂ ಚರ್ಚೆಗಳನ್ನು ಬೆಳಗಿನ ಸ್ನಾನ ಬಿಟ್ಟು ಕೂತು ನೋಡಿದ್ದರು. ಬಳಗದಲ್ಲೂ ಮತದಾನಕ್ಕೆ ಮುಂಚೆ ಅಂಥದೇ ಚರ್ಚೆ ನಡೆಯಲಿ ಎಂದು ನಾದಿನಿಯಿಂದ ಪತ್ರ ಬರೆಸಿದವರೂ ಅವರೇ. ಓಂಕಾರಪ್ಪ ನಗುನಗುತ್ತಾ ಒಪ್ಪಿದ್ದರು. ಅನುಮಾನ ಅಲ್ಲೇ ಬರಬೇಕಿತ್ತು.

“ಹಾಲಿ ಅಧ್ಯಕ್ಷರನ್ನ ಬೈಬಾರ್ದು. ಬೈದ್ರೆ ಜನ ಅಯ್ಯೋ ಪಾಪ ಅಂತ ಅವರ ಕಡೆ ವಾಲ್ತಾರೆ. ಮೂರೇ ಪ್ರಶ್ನೆ ಕೇಳು. ಉತ್ತರ ಹೇಳೋಕೆ ಹೋಗಿ ಅವರೇ ಸಿಕ್ಕಿಹಾಕ್ಕೊಳ್ಲಿ. ನೀನು ನಗ್ತಾ ಇರು, ಸಾಕು,” ಎಂದು ಚಂದ್ರಮೌಳಿ ಬಾಗಿಲಲ್ಲೇ ಕೊನೆಯ ಸಲ ಹೇಳಿಕೊಟ್ಟರು.

ಒಳಗೆ ನೂರಿಪ್ಪತ್ತು ಜನ ಸೇರಿದ್ದರು. ಪಂಕಜಾ ವೇದಿಕೆ ಹತ್ತಿದ್ದೇ ತಡ, ಓಂಕಾರಪ್ಪ ಮೈಕು ಹಿಡಿದರು. “ಚರ್ಚಾಕ್ಕ ಮೊದ್ಲು ಒಂದು ಶುಭ ಕೆಲಸ ಐತ್ರಿ. ಆರು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನಮ್ಮ ಪಂಕಜಾಗ ಬಳಗದ ವತಿಯಿಂದ ಸನ್ಮಾನ!”

ಚಪ್ಪಾಳೆ. ಎರಡು ನಿಮಿಷದಲ್ಲಿ ಅವಳ ಹೆಗಲಿಗೆ ಶಾಲು, ತಲೆಗೆ ಮೈಸೂರು ಪೇಟ, ಕೊರಳಿಗೆ ಗಂಧದ ಹಾರ ಬಿದ್ದವು. ಎರಡೂ ಕೈಗೆ ಹಣ್ಣಿನ ದೊಡ್ಡ ತಟ್ಟೆ ಬಂದು ಕೂತಿತು. ಫೋಟೋ ಆಯಿತು. ಮುಂದಿನ ಸಾಲಿನಲ್ಲಿ ಚಂದ್ರಮೌಳಿ ಕೈಯಲ್ಲಿದ್ದ ಮೂರು ಪ್ರಶ್ನೆಗಳ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಎದುರಾಳಿಗೆ ಶಾಲು ಹೊದಿಸುವ ಈ ಉಪಾಯ ಅಮೆರಿಕದವರಿಗೆ ಗೊತ್ತಿದ್ದಿದ್ದರೆ ತಾನೇ ಅದಕ್ಕೆ ಉತ್ತರ ಚೀಟಿಯಲ್ಲಿ ಇರುವುದು?

“ಇನ್ನ ಚರ್ಚಾ ಯಾಕ್ರಿ?” ಎಂದರು ಓಂಕಾರಪ್ಪ. “ನಮ್ಮ ಮನಿ ಮಗಳು ಉಂಡ ಮನಿ ಜಂತಿ ಎಣಸ್ತಾಳೇನು? ಥ್ಯಾಂಕ್ಸ್ ಹೇಳಿಬಿಡು ತಂಗಿ. ಆಮ್ಯಾಲೆ ಅವಿರೋಧ ಅಂತ ಬರಕೊಂಡು ಊಟಕ್ಕ ಏಳೂಣು. ಅನ್ನ ಆರಾಕ ಹತ್ತೈತಿ.” ಸಭೆ ನಕ್ಕಿತು. ಅವರು ಮೈಕನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು, ಮಗುವಿಗೆ ತುತ್ತು ಕೊಡುವ ಹಾಗೆ ಅವಳ ಬಾಯಿಗೆ ಹಿಡಿದರು.

ಪಂಕಜಾಗೆ ಮೈಯೆಲ್ಲ ಉರಿದುಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಬಾಯಿ ಮುಚ್ಚಿಸುವುದಕ್ಕೆ ಮರ್ಯಾದೆ ಮಾಡುತ್ತಾರಲ್ಲ, ಅದನ್ನು ತಡೆಯಲಾಗಲಿಲ್ಲ. ಥ್ಯಾಂಕ್ಸ್ ಹೇಳಿ ಇಳಿದು ಬಾ ಎಂದು ಭಾವ ಕೆಳಗಿನಿಂದ ಕೈಸನ್ನೆ ಮಾಡಿದ್ದು ಕಂಡಿತು. ಅವಳು ಮತ್ತೆ ಆ ಕಡೆ ನೋಡಲಿಲ್ಲ.

“ಒಂಚೂರು ಇದನ್ನ ಹಿಡ್ಕೊಳ್ಳಿ ಸಾರ್,” ಎಂದು ತಟ್ಟೆಯನ್ನು ಅವರ ಎದೆಗೆ ಒತ್ತಿದಳು. ಫಲತಾಂಬೂಲವನ್ನು ಬೇಡ ಎನ್ನುವುದುಂಟೆ? ಓಂಕಾರಪ್ಪ ಎರಡೂ ಕೈ ಚಾಚಿದರು. ಮೈಕು ಅವಳ ಕೈಗೆ ಬಂತು. ಮೂರು ಪ್ರಶ್ನೆಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

“ಸಾರ್, ಪಾಠ ಮಾಡಿದ್ದಕ್ಕೆ ಸನ್ಮಾನ ಅಂದ್ರಿ. ಈಗ ಎಲ್ಲಿ ಪಾಠ ಮಾಡ್ತಿದ್ದೀನಿ, ಅದನ್ನೂ ಹೇಳಿ.”

“ನಮ್ಮ ಬಳಗದಾಗವ್ವ, ಮತ್ತೆಲ್ಲಿ?”

“ಬಳಗದಲ್ಲಿ ಎಲ್ಲಿ?”

ಅಧ್ಯಕ್ಷರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ತರಗತಿಯ ಎಂಟು ವರ್ಷದ ಗಗನಾ ಕುರ್ಚಿಯ ಮೇಲೆ ಎದ್ದು ನಿಂತು, “ಮೆಟ್ಲ ಮೀದ, ಟೀಚರ್!” ಎಂದು, ಮೆಟ್ಟಿಲ ಮೇಲೆ ಅನ್ನುವ ಬದಲು, ತೆಲುಗಿನಲ್ಲಿ ಕೂಗಿದಳು.

ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಓಂಕಾರಪ್ಪ. “ನೋಡ್ರಪಾ, ಇವರು ಕಲಿಸಿದ ಕನ್ನಡ!”

ಪಂಕಜಾ ಪೇಟ ತೆಗೆದು ಮೇಜಿನ ಮೇಲಿಟ್ಟಳು. ನಗು ಅಡಗುವವರೆಗೂ ಕಾದಳು.

“ಹೌದು ಸಾರ್. ಮಕ್ಕಳನ್ನ ಹೊರಗೆ ಕೂರಿಸಿದ್ರೆ ಹೊರಗಿನ ಭಾಷೆ ತಾನೇ ಬಾಯಿಗೆ ಬರೋದು? ಅವಳು ಒಳಗೆ ಕೂತಿದ್ದಾಗ ಇದನ್ನ ಕನ್ನಡದಲ್ಲೇ ಹೇಳ್ತಿದ್ಲು. ಬೀಗ ಹಾಕಿದವರು ನೀವು. ಈಗ ಅವಳನ್ನ ನೋಡಿ ನಗ್ತಿರೋರೂ ನೀವೇ.”

ಯಾರೂ ನಗಲಿಲ್ಲ. ಓಂಕಾರಪ್ಪ ಮೈಕಿಗೆ ಕೈ ನೀಡಲು ಹೋದರು. ತಟ್ಟೆ ವಾಲಿ ಒಂದು ಸೇಬು ಉರುಳಿ ವೇದಿಕೆಯಿಂದ ಕೆಳಗೆ ಬಿತ್ತು. ಒಂಬತ್ತು ವರ್ಷಗಳಲ್ಲಿ ಅವರು ತಮ್ಮ ಚೀಲವನ್ನೂ ತಾವೇ ಹೊತ್ತವರಲ್ಲ. ಕೈ ನೀಡಿದರೆ ಇಸಿದುಕೊಳ್ಳಲು ನಾಲ್ಕು ಜನ ಓಡಿಬರುತ್ತಿದ್ದರು. ತಟ್ಟೆಯನ್ನು ಎದೆಗವುಚಿಕೊಂಡು ಸಭೆಯ ಕಡೆ ನೋಡಿದರು.

ಒಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ.